ಊರು ಬಿಡುವ ವಿಚಾರ

ಕುಂದಾಪುರದ ಕಡೆಯ ಒಂದು ಗ್ರಾಮದಲ್ಲಿ, ಹೊಳೆಯ ದಂಡೆಗೆ ಸಮೀಪವಾಗಿ, ಹಂಚು ಹೊದಿಸಿದ ದೊಡ್ಡದೊಂದು ಮನೆಯಿರುವುದು. ಒಂದು ಕಾಲದಲ್ಲಿ ಮಧ್ಯಾಹ್ನದ ಊಟಕ್ಕೆ ಅಲ್ಲಿ ಇಪ್ಪತ್ತು ಎಲೆಗಳನ್ನು ಹಾಕುತ್ತಿದ್ದರು. ಈಗ ಎರಡು ತಟ್ಟೆಗಳು ಮಾತ್ರ. ಗೃಹಸ್ಥರಿಗೆ ಎಪ್ಪತ್ತೆರಡು ವರ್ಷ, ಅವರ ಪತ್ನಿಗೆ ಅರವತ್ತಾರು. ಮಗನು ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಕಳೆದ ಚೈತ್ರದಲ್ಲಿ ಮಗನು ಬಂದವನು, ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, “ಅಪ್ಪಯ್ಯ, ಇನ್ನೆಷ್ಟು ದಿನ ನೀವಿಬ್ಬರೇ ಇಲ್ಲಿ ಇರುವುದು? ಮನೆಯನ್ನು ಯಾರಿಗಾದರೂ ಕೊಟ್ಟು ನಮ್ಮೊಡನೆ ಬಂದುಬಿಡಿ” ಎಂದನು. ತಂದೆಯು ಉತ್ತರ ಕೊಡಲಿಲ್ಲ. ತೋಟದ ಪಂಪನ್ನು ನಿಲ್ಲಿಸುವ ನೆವದಿಂದ ಎದ್ದು ಹೋದರು. ಬಹಳ ಹೊತ್ತು ಬರಲಿಲ್ಲ.

ಇಂಥ ಮಾತು ಆ ಒಂದು ಜಗಲಿಯಲ್ಲಿ ಮಾತ್ರ ನಡೆದುದಲ್ಲ. ಸಂಜೆಯಾಗುತ್ತಲೇ ಕುಂದಾಪುರ, ಉಡುಪಿಗಳಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳ ಸಾಲನ್ನು ಕಂಡವರಿಗೆ, ಒಂದಿಡೀ ಜಿಲ್ಲೆಯೇ ರಾತ್ರಿರಾತ್ರಿಯೂ ಘಟ್ಟವನ್ನೇರುತ್ತಿರುವುದೋ ಎಂಬ ಭ್ರಾಂತಿಯುಂಟಾಗುವುದು. ಹೋಗುವವರನ್ನು ಕಾರಣ ಕೇಳಿದರೆ ಹೊಟ್ಟೆಪಾಡು ಎಂದು ಒಂದೇ ಮಾತಿನಲ್ಲಿ ಮುಗಿಸುವರು. ಉಳಿದವರನ್ನು ಕೇಳಿದರೆ ಹಣದಾಸೆ ಎಂದು ಅಷ್ಟೇ ಚಿಕ್ಕದಾಗಿ ಹೇಳುವರು. ಎರಡರಲ್ಲಿಯೂ ಸತ್ಯಾಂಶವುಂಟು, ಎರಡೂ ಪೂರ್ಣಸತ್ಯವಲ್ಲ.

ಊರು ಬಿಡುವುದು ಹೊಸ ಕಾಲದ ರೋಗವೆಂದು ಹಳಬರು ಹಲವರು ಹೇಳುವುದುಂಟು. ಹಾಗೆ ಹೇಳುವವರು ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಆದಿಯನ್ನು ನೋಡಬೇಕು. ಅಲ್ಲಿ ಜನಪದನಿವೇಶವೆಂಬ ಪ್ರಕರಣವೇ ಇರುವುದು. ಪರದೇಶದಿಂದ ಜನರನ್ನು ಬರಮಾಡಿಕೊಂಡಾಗಲಿ, ಸ್ವದೇಶದಲ್ಲಿ ಜನ ಕಿಕ್ಕಿರಿದ ಎಡೆಯಿಂದ ತೆಗೆದಾಗಲಿ ಹೊಸ ಗ್ರಾಮಗಳನ್ನು ನೆಲೆಗೊಳಿಸಬೇಕೆಂದೂ, ಗ್ರಾಮವೊಂದರಲ್ಲಿ 100ಕ್ಕೆ ಕಡಮೆಯಿಲ್ಲದೆ 500ಕ್ಕೆ ಮೀರದೆ ಕುಲಗಳಿರಬೇಕೆಂದೂ, ಅವರಿಗೆ ಧಾನ್ಯ, ಪಶು, ಹಣಗಳಿಂದ ಅನುಗ್ರಹ ಮಾಡಬೇಕೆಂದೂ ಕೌಟಿಲ್ಯನು ವಿಧಿಸಿರುವನು. ಕ್ರಿ.ಶ. 473ರ ಮಂದಸೋರದ ಶಿಲಾಶಾಸನವಾದರೋ ರೇಷ್ಮೆ ನೆಯ್ಯುವವರ ಒಂದು ಶ್ರೇಣಿಯ ಕಥೆಯನ್ನೇ ಹೇಳುವುದು. ಅವರು ಲಾಟದೇಶವನ್ನು ಬಿಟ್ಟು, ಮಕ್ಕಳೊಡನೆಯೂ ಬಂಧುಜನರೊಡನೆಯೂ ದಶಪುರಕ್ಕೆ ಬಂದು ನೆಲಸಿದರು. ಬಂದ ಮೇಲೆ ಎಲ್ಲರೂ ಮಗ್ಗದ ಮುಂದೆಯೇ ಕೂಡಲಿಲ್ಲ. ಕೆಲವರು ಧನುರ್ವಿದ್ಯೆಗೆ ಕೈಹಾಕಿದರು, ಕೆಲವರು ಜ್ಯೋತಿಷವನ್ನು ಕಲಿತರು, ಕೆಲವರು ಕಥೆ ಹೇಳುವುದರಲ್ಲಿ ಜಾಣರಾದರು. ಹುಟ್ಟೂರಿನಲ್ಲಿ ತಂದೆಯ ಕಸಬನ್ನು ಬಿಡುವುದು ಕಷ್ಟ. ಪರಸ್ಥಳದಲ್ಲಿ ಆ ಕಟ್ಟು ಸಡಿಲುವುದು. ಹೀಗೆ ಕಸಬನ್ನು ಬದಲಿಸುವ ಅವಕಾಶವೇ ವಲಸೆಯ ಒಂದು ಮುಖ್ಯ ಪ್ರಯೋಜನವೆಂಬುದನ್ನು ಆ ಕಲ್ಲು ಒಂದೂವರೆ ಸಾವಿರ ವರ್ಷಗಳಿಂದ ಸಾರುತ್ತಿದೆ.

ಬಿಲ್ಹಣಕವಿಯ ವೃತ್ತಾಂತವು ಇನ್ನೂ ರಸವತ್ತಾದುದು. ಹನ್ನೊಂದನೆಯ ಶತಮಾನದಲ್ಲಿ ಆತನು ಕಾಶ್ಮೀರವನ್ನು ಬಿಟ್ಟು, ಮಥುರೆ, ಕಾನ್ಯಕುಬ್ಜ, ಪ್ರಯಾಗ, ಕಾಶಿಗಳನ್ನು ಸುತ್ತಿ, ಕೊನೆಗೆ ಕರ್ಣಾಟದ ಕಲ್ಯಾಣಕ್ಕೆ ಬಂದನು. ಅದು ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆತನಿಗೆ ವಿದ್ಯಾಪತಿಯೆಂಬ ಪದವಿಯನ್ನಿತ್ತನು. ಧನಕ್ಕೆ ಕೊರತೆಯಿಲ್ಲ, ಮಾನಕ್ಕೆ ಕೊರತೆಯಿಲ್ಲ. ಆದರೂ ದೊರೆಯ ಚರಿತ್ರೆಯಾದ ವಿಕ್ರಮಾಂಕದೇವಚರಿತದ ಕಡೆಯ ಸರ್ಗವನ್ನು ಆತನು ತನ್ನ ಹುಟ್ಟೂರಾದ ಖೋನಮುಖಕ್ಕೂ, ಅಲ್ಲಿಯ ಕುಂಕುಮಕೇಸರಕ್ಕೂ ದ್ರಾಕ್ಷೆಗೂ ಮೀಸಲಿಟ್ಟನು. ಸ್ವದೇಶದಲ್ಲಿ ಹರ್ಷದೇವನು ಕವಿಗಳನ್ನು ಆದರಿಸುತ್ತಿರುವನೆಂಬ ಸುದ್ದಿ ಬಂದಾಗ, ಕರ್ಣಾಟದ ತನ್ನ ವೈಭವವೆಲ್ಲ ವಂಚನೆಯೆಂದು ಬಿಲ್ಹಣನಿಗೆ ತೋರಿತೆಂದು ರಾಜತರಂಗಿಣಿಯಲ್ಲಿ ಕಲ್ಹಣನು ಬರೆದಿರುವನು. ಅನ್ನವಿಟ್ಟ ನಾಡಿಗೆ ಈ ಮಾತು ಸ್ವಲ್ಪ ನೋವನ್ನುಂಟುಮಾಡತಕ್ಕದ್ದೇ ಸರಿ. ಬೆಂಗಳೂರಿನಲ್ಲಿ ಮೂರು ಅಂತಸ್ತಿನ ಮನೆಯನ್ನು ಕಟ್ಟಿಯೂ ಊರಿನ ಕುಚ್ಚಿಲಕ್ಕಿಯ ಗಂಜಿಯನ್ನೇ ಹೊಗಳುವವರಿಗೆ ಆತನು ಪೂರ್ವಿಕನೆಂದರೆ ತಪ್ಪಾಗಲಾರದು.

ಕರಾವಳಿಯ ವಿಷಯಕ್ಕೆ ಬರೋಣ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ನಡುವೆ ಉಳಿದ ಗದ್ದೆಯ ಪಟ್ಟಿ ಅಗಲ ಕಿರಿದು. ಮಳೆಯು ಧಾರಾಳ, ಆದರೆ ಮಣ್ಣಿನ ಸಾರವನ್ನು ಕೊಚ್ಚಿಕೊಂಡು ಹೋಗುವ ಮಳೆ. ಮನೆಯಲ್ಲಿ ಏಳೆಂಟು ಮಂದಿ ಗಂಡುಮಕ್ಕಳಿದ್ದರೆ ಆ ಗದ್ದೆಯು ಇಬ್ಬರಿಗೆ ಸಾಕಾಗುವುದು. ಮಿಕ್ಕವರಲ್ಲಿ ಹಲವರಿಗೆ ತಿಳಿದ ವಿದ್ಯೆಯೆಂದರೆ ಅಡಿಗೆ. ಹೀಗೆ ಸೌಟನ್ನು ಹಿಡಿದು ಹೊರಟವರು ನಾಡಿನ ನಾಲಗೆಯನ್ನೇ ಗೆದ್ದರು. ಕೋಟದ ಬಳಿಯ ಪಾರಂಪಳ್ಳಿಯ ಯಜ್ಞನಾರಾಯಣ ಮೈಯರೂ ಅವರ ಸೋದರರೂ ಬೆಂಗಳೂರಿಗೆ ಅಡಿಗೆಯವರಾಗಿ ಬಂದು, 1924ರಲ್ಲಿ ಆರಂಭಿಸಿದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮಾಯಿತು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದರು. ಮುಂಬಯಿಯ ಮಾಟುಂಗದಲ್ಲಿ 1942ರಿಂದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಎಲೆಯೂಟ ಪ್ರಸಿದ್ಧವಾಯಿತು.

ಆದರೆ ಹೆಸರು ಪಡೆದವರು ನಾಲ್ವರಾದರೆ ಪಡೆಯದವರು ನಾಲ್ಕು ಸಾವಿರ. ಹೇಳಿದ ಮನೆಯ ಗೃಹಸ್ಥರ ಚಿಕ್ಕಪ್ಪನು ಅಂಥವರಲ್ಲೊಬ್ಬನು. ಹನ್ನೆರಡನೆಯ ವಯಸ್ಸಿನಲ್ಲಿ ಮಂಗಳೂರಿನಿಂದ ಹಡಗು ಹತ್ತಿ ಬೊಂಬಾಯಿಗೆ ಹೋದನು. ಊರಿನಲ್ಲಿ ಮಾಣಿ ಎಂದರೆ ಮನೆಯ ಹುಡುಗನನ್ನು ಪ್ರೀತಿಯಿಂದ ಕರೆಯುವ ಮಾತು. ಹೋಟೆಲಿನಲ್ಲಿ ಅದೇ ಮಾತು ತಟ್ಟೆಯೆತ್ತುವವನ ಹುದ್ದೆಯಾಯಿತು. ಹಗಲು ಮೇಜು ಒರಸಿ, ರಾತ್ರಿ ಬಾಗಿಲು ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ಮಲಗುತ್ತಿದ್ದನು. ಕನ್ನಡದ ರಾತ್ರಿಶಾಲೆಯೊಂದರಲ್ಲಿ ಓದಿ, ಗುಮಾಸ್ತನಾಗಿ, ತಿಂಗಳಿಗೊಮ್ಮೆ ತಪ್ಪದೆ ಮನಿಯಾರ್ಡರು ಕಳುಹಿಸುತ್ತಿದ್ದನು. ಮನೆಯ ಹುಲ್ಲಿನ ಮಾಡು ಹಂಚಿನದಾದುದು ಆ ಹಣದಿಂದಲೇ. ಆ ಹಂಚಿನ ಕೆಳಗೆ ಆತನು ಎಲ್ಲ ಸೇರಿ ಒಂದು ವರ್ಷವೂ ಮಲಗಿದವನಲ್ಲ. ಹಣಕ್ಕಾಗಿ ಊರು ಬಿಟ್ಟನೆಂದು ಇಂಥವನನ್ನು ಆಡುವವರು ಆ ಹಣವು ಎಲ್ಲಿಗೆ ಹೋಯಿತೆಂಬುದನ್ನು ಮೇಲೆ ನೋಡಿ ತಿಳಿಯಬಹುದು.

ಆಮೇಲಿನ ಕಾರಣಗಳು ಬೇರೆಬೇರೆ. 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಉತ್ತವನದಾಯಿತು. ಅದು ನ್ಯಾಯವೇ. ಗೇಣಿಯ ಅಕ್ಕಿಯನ್ನೇ ನಂಬಿದ್ದ ಮನೆಗಳ ಮಕ್ಕಳು ಪಟ್ಟಣಕ್ಕೆ ಹೊರಟರು. ಒಂದು ತಲೆಮಾರಿನ ತರುವಾಯ, ಭೂಮಿ ಪಡೆದವರ ಮಕ್ಕಳೂ ಓದಿ ಅದೇ ಬಸ್ಸನ್ನು ಹತ್ತಿದರು. ಇದೇ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು, 1906ರ ಕೆನರಾ ಮತ್ತು ಕಾರ್ಪೊರೇಷನ್, 1925ರ ಸಿಂಡಿಕೇಟ್, 1931ರ ವಿಜಯಾ, ಊರ ಹುಡುಗರಿಗೆ ಕೆಲಸವನ್ನು ಕೊಟ್ಟವು. ಕೊಟ್ಟು, ವರ್ಗಾವರ್ಗಿಯ ಮೂಲಕ ಅವರನ್ನು ದೇಶದ ಮೂಲೆಮೂಲೆಗೂ ಚೆಲ್ಲಿದವು. ಕೆನರಾವೊಂದರ ಹೊರತು ಆ ಬ್ಯಾಂಕುಗಳ ಹೆಸರುಗಳೇ 2019 ಮತ್ತು 2020ರ ವಿಲೀನಗಳಿಂದ ಇಲ್ಲದಂತಾದುವು. ಇಂಜಿನಿಯರುಗಳ ಕಾಲವು ಎಲ್ಲರಿಗೂ ತಿಳಿದುದೇ.

2011ರ ಜನಗಣತಿಯಲ್ಲಿ ಒಂದು ಅಂಕಿಯಿರುವುದು. ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. ರಾಜ್ಯದಲ್ಲಿ 973 ಮಾತ್ರ. ಇದನ್ನು ನೋಡಿ ಸ್ತ್ರೀಯರಿಗೆ ಇಲ್ಲಿ ಮನ್ನಣೆ ಹೆಚ್ಚೆಂದು ಕೊಂಡಾಡುವವರುಂಟು. ಇರಬಹುದು. ಆದರೆ ಲೆಕ್ಕದಲ್ಲಿ ಸಿಕ್ಕದ ಗಂಡಸರು ಎಲ್ಲಿರುವರೆಂಬುದನ್ನು ಬೆಂಗಳೂರು, ಮುಂಬಯಿಗಳಲ್ಲಿ ಹುಡುಕಬೇಕು. ಅದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು 65 ಲಕ್ಷದಿಂದ 96 ಲಕ್ಷಕ್ಕೇರಿತು. ಉಡುಪಿ ಜಿಲ್ಲೆಯದು ನೂರಕ್ಕೆ ಆರರಷ್ಟು ಮಾತ್ರ ಬೆಳೆಯಿತು.

ಹಣ, ಉದ್ಯೋಗ ಎಂಬ ಎರಡನ್ನೂ ಬದಿಗಿಟ್ಟರೆ ಮೂರನೆಯದೊಂದು ಉಳಿಯುವುದು. ಅದನ್ನು ಬಾಯಿಬಿಟ್ಟು ಹೇಳುವವರು ಅಪರೂಪ. ಊರಿನಲ್ಲಿ ಮನುಷ್ಯನು ಇಂಥವರ ಮಗ, ಇಂಥ ಮನೆಯವನು. ಅವನು ಏನು ಉಟ್ಟನು, ಯಾರೊಡನೆ ಮಾತಾಡಿದನು, ಯಾರ ಮನೆಯಲ್ಲಿ ನೀರು ಕುಡಿದನು ಎಂಬುದೆಲ್ಲ ಸಾಯಂಕಾಲದೊಳಗೆ ದೇವಸ್ಥಾನದ ಕಟ್ಟೆಯನ್ನು ಮುಟ್ಟುವುದು. ಇದರಲ್ಲಿ ರಕ್ಷಣೆಯೂ ಉಂಟು, ಬಂಧನವೂ ಉಂಟು. ಉಚ್ಚಕುಲದಲ್ಲಿ ಹುಟ್ಟಿದವನಿಗೆ ರಕ್ಷಣೆಯ ಭಾಗ ಹೆಚ್ಚಾಗಿ ಕಾಣುವುದು. ಅಂಗಳದ ಹೊರಗೆ ನಿಂತು ಮಾತಾಡಿದವನ ಮಗನಿಗೆ ಬಂಧನವೇ ಕಾಣುವುದು. ನಗರದಲ್ಲಿ ಆತನ ಅಜ್ಜನು ಎಲ್ಲಿ ನಿಲ್ಲುತ್ತಿದ್ದನೆಂದು ಕೇಳುವವರಿಲ್ಲದಿದ್ದರೆ, ಆ ಒಂದು ಸುಖಕ್ಕಾಗಿಯೇ ಆತನು ಹೊಗೆಯನ್ನೂ ಬಾಡಿಗೆಯನ್ನೂ ಸಹಿಸುವನು. ಜಾತಿಯನ್ನು ಕೇಳಿ ಮನೆ ಬಾಡಿಗೆಗೆ ಕೊಡುವವರು ನಗರದಲ್ಲಿಯೂ ಇರುವರೆಂಬುದು ಬೇರೆ ಮಾತು.

ಹೆಣ್ಣುಮಕ್ಕಳ ವಿಚಾರವೂ ಇಲ್ಲಿಯೇ ಬರುವುದು. ತೋಟವಿದ್ದು ಊರಲ್ಲಿಯೇ ಉಳಿದ ವರನಿಗೂ, ದೇವಸ್ಥಾನದ ಅರ್ಚಕನಿಗೂ ಕನ್ಯೆ ದೊರೆಯುತ್ತಿಲ್ಲವೆಂದು ಕರಾವಳಿಯ ಮದುವೆಮನೆಗಳಲ್ಲಿ ಮರುಗದವರಿಲ್ಲ. ಹುಡುಗಿಯರನ್ನು ದೂರುವುದು ಸುಲಭ. ಅವರ ತಾಯಂದಿರು ಒದ್ದೆ ಸೌದೆಯನ್ನು ಊದಿ ಕಣ್ಣು ಕೆಂಪು ಮಾಡಿಕೊಂಡುದನ್ನು ನೋಡುತ್ತ ಬೆಳೆದವರು ಅವರು. ಗೃಹಸ್ಥರ ಪತ್ನಿಯು, ಮಗನು ಹೋದ ಮಾರನೆಯ ದಿನ, ಗಂಡನ ಮೌನವನ್ನು ಕಂಡು ಹೇಳಿದ ಮಾತು ಇಲ್ಲಿ ಉಲ್ಲೇಖಕ್ಕೆ ಯೋಗ್ಯವಾಗಿದೆ. “ಊರು ಬಿಡುವುದೆಂದರೆ ಏನೆಂದು ನಿಮಗೆ ಈಗ ಯೋಚನೆ ಬಂತು. ನಾನು ಇಪ್ಪತ್ತನೆಯ ವಯಸ್ಸಿನಲ್ಲಿಯೇ ಒಂದನ್ನು ಬಿಟ್ಟು ಬಂದವಳು. ಅಂದು ಯಾರೂ ನನ್ನನ್ನು ಕೇಳಲಿಲ್ಲ” ಎಂದರಂತೆ. ಭಾರತದಲ್ಲಿ ಜನರು ಸ್ಥಳ ಬದಲಿಸುವುದಕ್ಕೆ ಅತ್ಯಂತ ಹೆಚ್ಚಿನ ಕಾರಣವು ಉದ್ಯೋಗವಲ್ಲ, ವಿವಾಹವೆಂದು ಜನಗಣತಿಯೂ ಹೇಳುವುದು. ಆದರೆ ಅದನ್ನು ವಲಸೆಯೆಂದು ಯಾವ ಪಂಡಿತನೂ ಸಾಮಾನ್ಯವಾಗಿ ಎಣಿಸುವುದಿಲ್ಲ.

ಲಾಭದ ಜೊತೆಗೆ ವೆಚ್ಚವನ್ನೂ ತೂಗಬೇಕಷ್ಟೆ. ಸಂಬಳದ ಅಂಕಿ ನಗರದಲ್ಲಿ ದೊಡ್ಡದು. ಬಾಡಿಗೆ, ಶಾಲೆಯ ಶುಲ್ಕ, ಮನೆಯ ಸಾಲದ ಕಂತುಗಳು ಸೇರಿ ತಿಂಗಳ ಕೊನೆಗೆ ಅದನ್ನು ಕುಗ್ಗಿಸುವುವು. ಊರ ಮನೆಯ ಬಾವಿಯಲ್ಲಿ ವೈಶಾಖದಲ್ಲಿಯೂ ಎರಡಾಳು ನೀರಿರುವುದು. ಬೆಂಗಳೂರಾದರೋ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ಕುಡಿಯತಕ್ಕ ನಗರ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5000 ರೂಪಾಯಿ ದಂಡವೆಂಬ ಆಜ್ಞೆ ಹೊರಟಿತು. ಆ ಬೇಸಗೆಯಲ್ಲಿ ಮಗನು ದೂರವಾಣಿಯಲ್ಲಿ ಟ್ಯಾಂಕರಿನ ಬೆಲೆಯನ್ನು ಹೇಳಿದಾಗ, ತಂದೆಗೆ ಮರುಕದೊಡನೆ ಸಣ್ಣದೊಂದು ಸಂತೋಷವೂ ಆಯಿತೆಂದರೆ ಅವರನ್ನು ಕ್ಷಮಿಸಬೇಕು. ಹಾಗೆಂದು ಊರಿನ ಪಕ್ಷವೇನೂ ನಿರ್ವಿಘ್ನವಲ್ಲ. ವೈದ್ಯಕೀಯ ಕಾಲೇಜು 1953ರಿಂದ ಮಣಿಪಾಲದಲ್ಲಿಯೇ ಇರುವುದರಿಂದ ಒಳ್ಳೆಯ ಚಿಕಿತ್ಸೆಗೆ ಬೆಂಗಳೂರೇ ಆಗಬೇಕೆಂದಿಲ್ಲ. ಆದರೆ ಆಷಾಢದ ಮಧ್ಯರಾತ್ರಿಯಲ್ಲಿ ಎದೆನೋವು ಬಂದರೆ ಅಲ್ಲಿಗೆ ಕರೆದೊಯ್ಯುವವರು ಯಾರು? ಹೋದ ಮಳೆಗಾಲದಲ್ಲಿ ಗೃಹಸ್ಥರು ಅಂಗಳದ ಹಾವಸೆಯಲ್ಲಿ ಜಾರಿಬಿದ್ದು, ಅರ್ಧ ಗಂಟೆ ಮಳೆಯಲ್ಲಿಯೇ ಇದ್ದರು. ಮಗನ ಮಾತಿನ ಹಿಂದೆ ಇದ್ದುದು ಈ ಭಯ, ಹಣವಲ್ಲ.

ಹೋದವರು ಪೂರ್ತಿಯಾಗಿ ಹೋಗುವರೆಂದೂ ಹೇಳುವಂತಿಲ್ಲ. ನಾಗರಪಂಚಮಿಯ ದಿನ ಆ ಮನೆಯ ನಾಗಬನದ ಮುಂದೆ ಮುಂಬಯಿಯ, ಪುಣೆಯ, ಬೆಂಗಳೂರಿನ ಕವಲುಗಳೆಲ್ಲ ಕಲೆಯುವುವು. ಕನ್ನಡ ಓದಲು ಬಾರದ ಮಕ್ಕಳೂ ಹಾಲಿನ ಲೋಟವನ್ನು ಹಿಡಿದು ತನು ಎರೆಯಲು ಸಾಲಾಗಿ ನಿಲ್ಲುವರು. ಮನೆ ಮಾರಿದರೆ ಬನದ ಗತಿಯೇನೆಂಬುದು ಪಾಲುದಾರರೆಲ್ಲರ ಚಿಂತೆ. ವರ್ಷದ ಉಳಿದ 364 ದಿನ ಅಲ್ಲಿ ದೀಪವಿಡುವವರು ಯಾರೆಂಬುದು ಅವರ ಚಿಂತೆಯಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಚಿತ್ರವು ಅಪೂರ್ಣವಾಗುವುದು. ಊರು ಬರಿದಾಗುತ್ತಿದೆಯೆಂದು ಅಳುವವರು ಬರುವವರನ್ನು ನೋಡುವುದಿಲ್ಲ. ಈ ಮನೆಯ ತೋಟದ ಕೆಲಸಕ್ಕೆ ಎರಡು ವರ್ಷಗಳ ಕೆಳಗೆ ಕೊಪ್ಪಳದ ಕಡೆಯಿಂದ ಒಂದು ಸಂಸಾರ ಬಂದು, ಹಳೆಯ ಹಟ್ಟಿಯ ಪಕ್ಕದ ಕೋಣೆಯಲ್ಲಿ ಇಳಿದಿದೆ. ಅವರ ಹೊಲಕ್ಕೆ ಮಳೆ ಬಾರದು; ಇಲ್ಲಿಯ ಮಳೆಯನ್ನು ಮೊದಲ ಸಲ ಕಂಡಾಗ ಆ ಹೆಂಗಸು ಹೆದರಿ ಅತ್ತಳು. ಅವರ ಆರು ವರ್ಷದ ಮಗುವು ಈಗ ಕುಂದಾಪುರದ ಕನ್ನಡವನ್ನೇ ಆಡುವುದು. ಗೃಹಸ್ಥರನ್ನು ಅಜ್ಜಯ್ಯ ಎಂದು ಕರೆಯುವುದು. ಇವರೂ ಹೊಟ್ಟೆಪಾಡು ಎಂದೇ ಹೇಳುವರು.

ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ, ಆ ಕೆಲಸಗಾರನು ತಲೆಯ ವಸ್ತ್ರವನ್ನು ಕೈಗೆ ತೆಗೆದುಕೊಂಡು ಜಗಲಿಯ ಕೆಳಗೆ ಬಂದು ನಿಂತನು. “ಯಜಮಾನ್ರ, ಹುಡುಗೀನ ಈ ವರ್ಷ ಸಾಲಿಗೆ ಹಾಕಬೇಕಂತ ಮಾಡೇವಿ. ಬರೋ ಮಾರ್ಚ್ ತನಕ ಇಲ್ಲೇ ಇರಾಕ ಆಗತೈತೇನ್ರಿ? ನಡುವ ಬಿಡಿಸಿದ್ರ ಅದಕ್ಕ ಕಷ್ಟ ಆಗತೈತಿ” ಎಂದನು. ಮನೆ ಮಾರುವ ಮಾತು ಹಟ್ಟಿಯ ವರೆಗೂ ಹೋಗಿತ್ತೆಂಬುದು ಅದರಿಂದ ತಿಳಿಯಿತು. ಗೃಹಸ್ಥರು ಮೇಲೆ ಹಂಚಿನ ಸಾಲನ್ನು ನೋಡಿದರು, ಮಾತು ಹೊರಡಲಿಲ್ಲ. ಮೊಮ್ಮಗುವಿನ ಬಳಿಗೆ ಹೋಗಿ ಇರಬೇಕೆಂಬ ಆಸೆಯು ಅರ್ಧ ಮನಸ್ಸಿನಲ್ಲಿದ್ದ ಅವರ ಪತ್ನಿಯೇ ಒಳಗಿನಿಂದ ಬಂದು, ಬಾಗಿಲ ದಾರಂದವನ್ನು ಹಿಡಿದು ನಿಂತು, “ಸೇರಿಸು. ಶಾಲೆಗೆ ಹೇಳಲಿಕ್ಕೆ ಅಯ್ಯನವರು ನಿನ್ನೊಟ್ಟಿಗೆ ಬರುತ್ತಾರೆ” ಎಂದರು.

ಆ ರಾತ್ರಿ ಗೃಹಸ್ಥರು ಮಗನಿಗೆ ದೂರವಾಣಿ ಮಾಡಿ, ಬರುವ ಮಾರ್ಚಿಯ ವರೆಗೆ ಮನೆಯ ಮಾತನ್ನೆತ್ತಬಾರದೆಂದು ತಿಳಿಸಿದರು. ಅಂಗಳದ ಹಾವಸೆಯನ್ನು ಕೆರೆಸಿ, ಮಳೆ ಹಿಡಿಯುವುದಕ್ಕೆ ಮೊದಲು ಕಲ್ಲುಹಾಸು ಹಾಕಿಸುವುದಾಗಿಯೂ ಹೇಳಿದರು.