ಗಾಲಿಯ ಮೇಲಣ ಗೃಹಸ್ಥಾಶ್ರಮ

ವಿಶ್ರಾಂತಿವೇತನವನ್ನು ಪಡೆಯತೊಡಗಿದ ಉಪಾಧ್ಯಾಯನು ಹೇಗೆ ಕಾಲಕ್ಷೇಪ ಮಾಡತಕ್ಕದ್ದೆಂಬ ವಿಷಯದಲ್ಲಿ ನಮ್ಮ ಜನರಿಗೆ ಒಂದು ಖಚಿತವಾದ ಅಭಿಪ್ರಾಯವುಂಟು. ಅವನು ಬೆಳಗ್ಗೆ ವಾಯುಸಂಚಾರ ಮಾಡಬೇಕು. ವೃತ್ತಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಬೇಕು. ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಸಂಜೆಯಾದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಕುಳಿತು, ಕಾಲ ಕೆಟ್ಟಿತೆಂದು ನಾಲ್ಕು ಜನರೊಡನೆ ನಿರ್ಣಯ ಮಾಡಬೇಕು. ಇವೆಲ್ಲವೂ ಒಳ್ಳೆಯ ಕೆಲಸಗಳೇ ಸರಿ. ಆದರೆ ಅರುವತ್ತು ತುಂಬಿ ಶಾಲೆಯಿಂದ ಬಿಡುಗಡೆ ಹೊಂದಿದ ಕೆಲವೇ ತಿಂಗಳಲ್ಲಿ ನಾವು ಹನ್ನೆರಡು ಜನ ಕೂರತಕ್ಕ ಒಂದು ಹಳೆಯ ವ್ಯಾನನ್ನು ಕೊಂಡು, ಆಸನಗಳನ್ನು ಕೀಳಿಸಿ, ಅಲ್ಲಿ ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಕೂಡಿಸಿ, ಮನೆಯಾಕೆಯೊಡನೆ ವರ್ಷದಲ್ಲಿ ಆರು ತಿಂಗಳು ಅದರಲ್ಲಿಯೇ ವಾಸಮಾಡತೊಡಗಿದೆವು. ಇದನ್ನು ಕೇಳಿದ ನೆಂಟರಿಷ್ಟರು ಎರಡು ಪ್ರಶ್ನೆಗಳನ್ನು ಹಾಕಿದರು. ಮಗ ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸುಲಭ: ಇಬ್ಬರೂ ಒಳ್ಳೆಯವರು, ಬೆಂಗಳೂರಿನಲ್ಲಿದ್ದಾರೆ, ದಿನವೂ ಮಾತನಾಡಿಸುತ್ತಾರೆ. ಇದು ವಾನಪ್ರಸ್ಥವೆ ಎಂಬುದು ಎರಡನೆಯದು. ಸಂಸ್ಕೃತವನ್ನು ಕಲಿಸಿ ಅನ್ನ ತಿಂದ ನಾವು ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಹೇಳಬೇಕಾಗಿದೆ.

ಮೈ ಸುಕ್ಕುಗಟ್ಟಿ, ತಲೆ ನರೆತು, ಮಕ್ಕಳ ಮಕ್ಕಳನ್ನು ಕಂಡ ಗೃಹಸ್ಥನು ಕಾಡಿಗೆ ಹೊರಡಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯವು ವಿಧಿಸುತ್ತದೆ. ಹೆಂಡತಿಯನ್ನು ಮಕ್ಕಳ ವಶಕ್ಕೆ ಕೊಡಬಹುದು, ಇಲ್ಲವೆ ಜೊತೆಯಲ್ಲಿ ಕರೆದೊಯ್ಯಬಹುದು. ಇಷ್ಟರವರೆಗೆ ನಮಗೂ ಅದಕ್ಕೂ ಹೊಂದಿಕೆಯಾಗುತ್ತದೆ. ಆದರೆ ಊರಿನ ಆಹಾರವನ್ನು ಬಿಡಬೇಕೆಂದೂ ಅಲ್ಲಿಯೇ ಹೇಳಿದೆ. ನಮ್ಮ ಬಂಡಿಯಲ್ಲಿ ಹುಳಿಪುಡಿ, ಚಟ್ನಿಪುಡಿ, ಮೂರು ಬಗೆಯ ಉಪ್ಪಿನಕಾಯಿ, ಹಾಸನದಿಂದಲೇ ತರತಕ್ಕದ್ದೆಂದು ನಿಯಮವಾದ ಕಾಫಿಪುಡಿ ಇವೆಲ್ಲ ಇರುವುವು. ಇದನ್ನು ವಾನಪ್ರಸ್ಥವೆಂದು ಒಪ್ಪುವಷ್ಟು ಉದಾರನಾದ ಸ್ಮೃತಿಕಾರನು ಎಲ್ಲಿಯೂ ಇಲ್ಲ.

ಹಾಗಾದರೆ ಇದೇನು? ಬೌಧಾಯನ ಧರ್ಮಸೂತ್ರದ ಮೂರನೆಯ ಪ್ರಶ್ನದ ಆರಂಭದಲ್ಲಿ ಗೃಹಸ್ಥರಲ್ಲಿಯೇ ಶಾಲೀನ, ಯಾಯಾವರ, ಚಕ್ರಚರ ಎಂಬ ಭೇದಗಳನ್ನು ಹೇಳಿದೆ. ಶಾಲೆಯಲ್ಲಿ, ಎಂದರೆ ಮನೆಯಲ್ಲಿ, ನೆಲಸಿದವನು ಶಾಲೀನ. ಯಾಯಾವರನ ಹೆಸರಿನಲ್ಲಿಯೇ ನಡಿಗೆಯಿದೆ. ಕಾವ್ಯಮೀಮಾಂಸೆಯನ್ನು ಬರೆದ ರಾಜಶೇಖರನು ಯಾಯಾವರ ವಂಶದವನು. ತನ್ನನ್ನು ಯಾಯಾವರೀಯನೆಂದೇ ಕರೆದುಕೊಳ್ಳುತ್ತಾನೆ. ಚಕ್ರಚರನೆಂಬ ಮಾತಿಗೆ ಸರದಿಯಂತೆ ಸುತ್ತಿಬರುವವನೆಂದು ಅರ್ಥ. ಗಾಲಿಯ ಮೇಲೆ ಚರಿಸುವವನೆಂದು ನಾವು ನಮ್ಮ ಅನುಕೂಲಕ್ಕೆ ತಕ್ಕಂತೆ ಅರ್ಥ ಮಾಡಿಕೊಂಡಿದ್ದೇವೆ. ವ್ಯಾಖ್ಯಾನಕಾರರು ಇದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯವನ್ನು ವಹಿಸಿದ್ದುಂಟು. ಇನ್ನೂ ಹಿಂದಕ್ಕೆ ಹೋದರೆ, ಶತಪಥ ಬ್ರಾಹ್ಮಣದಲ್ಲಿ ಬರುವ ಚ್ಯವನ ಸುಕನ್ಯೆಯರ ಕಥೆಯಲ್ಲಿ ಶರ್ಯಾತನು ತನ್ನ ಗ್ರಾಮದೊಡನೆ ಸಂಚರಿಸುತ್ತಿದ್ದನೆಂದು ಹೇಳಿದೆ. ಊರು ಸಂಚರಿಸುವುದು ಹೇಗೆ? ಆಗ ಗ್ರಾಮವೆಂದರೆ ಬಂಡಿ ದನಕರುಗಳೊಡನೆ ಸಾಗುವ ಜನಸಮೂಹ. ಅದು ನಿಂತ ಸ್ಥಳಕ್ಕೆ ಆ ಹೆಸರು ಆಮೇಲೆ ಅಂಟಿಕೊಂಡಿತು. ಆದುದರಿಂದ ಗಾಲಿಯ ಮೇಲಿದ್ದ ಮಾತ್ರಕ್ಕೆ ಗೃಹಸ್ಥಧರ್ಮಕ್ಕೆ ಚ್ಯುತಿಯಿಲ್ಲವೆಂದು ನಮ್ಮ ಸಿದ್ಧಾಂತ. ಇದನ್ನು ಮನೆಯಾಕೆಯ ಮುಂದೆ ಪ್ರತಿಪಾದಿಸಿದಾಗ ಆಕೆ, “ಅದಿರಲಿ, ನೀರು ತುಂಬಿದಿರಾ?” ಎಂದಳು.

ನೀರಿನ ವಿಷಯವನ್ನು ಹೇಳಲೇಬೇಕು. ಈ ಜೀವನದ ಮುಕ್ಕಾಲು ಪಾಲು ಅದೇ ಆಗಿದೆ. ಒಳಚರಂಡಿಯುಳ್ಳ ಪಟ್ಟಣಗಳಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ನಮ್ಮ ದೇಶದ ಲೆಕ್ಕಾಚಾರ. ನಮ್ಮ ತೊಟ್ಟಿಯಲ್ಲಿ ಹಿಡಿಯುವುದು 90 ಲೀಟರ್. ಅದು ನಮ್ಮಿಬ್ಬರಿಗೆ ಎರಡು ದಿನಕ್ಕೆ ಬರಬೇಕು. ಒಬ್ಬರ ಪಾಲಿಗೆ ದಿನಕ್ಕೆ ಇಪ್ಪತ್ತೆರಡು ಲೀಟರಿಗಿಂತ ಸ್ವಲ್ಪ ಹೆಚ್ಚು. ಬಾವಿಯಿಂದ ನೀರು ಸೇದಿ ಬೆಳೆದ ಮನೆಯಾಕೆಗೆ ಇದು ಕಷ್ಟವೆನಿಸಲಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ ತರಕಾರಿ, ತರಕಾರಿ ತೊಳೆದ ನೀರಿನಲ್ಲಿ ಪಾತ್ರೆಯ ಮೊದಲ ತೊಳೆತ, ಹೀಗೆ ಒಂದೇ ನೀರು ಮೂರು ಜನ್ಮವೆತ್ತಿ ಕೊನೆಗೆ ಯಾವುದಾದರೊಂದು ಗಿಡದ ಬುಡವನ್ನು ಸೇರುವುದು. ವಿದ್ಯುತ್ತಿನ ಮಾತು ಇದಕ್ಕಿಂತ ಸುಲಭ. ಛಾವಣಿಯ ಮೇಲೆ 200 ವ್ಯಾಟಿನ ಸೌರಫಲಕವಿದೆ. ಒಳ್ಳೆಯ ಬಿಸಿಲು ನಾಲ್ಕು ಗಂಟೆ ಬಿದ್ದರೆ ಫ್ಯಾನು, ದೀಪ, ಮೊಬೈಲುಗಳಿಗೆ ಧಾರಾಳವಾಗಿ ಸಾಲುತ್ತದೆ. ಮಿಕ್ಸಿಗೆ ಮಾತ್ರ ಮನೆಯಾಕೆಯ ಅಪ್ಪಣೆಯಿಲ್ಲ; ಸಣ್ಣ ಒರಳೊಂದು ಮಂಚದ ಕೆಳಗೆ ಪ್ರಯಾಣ ಮಾಡುತ್ತಿದೆ.

ಕಾನೂನಿನ ಕಡೆಯ ತೊಡಕನ್ನೂ, ಇಂತಹ ಯೋಚನೆಯುಳ್ಳ ವಾಚಕರ ಉಪಯೋಗಕ್ಕಾಗಿ, ತಿಳಿಸುತ್ತೇವೆ. ನೋಂದಣಿಯಾದ ವಾಹನದ ರೂಪವನ್ನು ನಮ್ಮ ಇಷ್ಟದಂತೆ ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಅಡ್ಡಬರುತ್ತದೆ. ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು. ಸ್ವಂತ ಉಪಯೋಗದ ಕ್ಯಾಂಪರ್‌ವ್ಯಾನನ್ನು ಸಾರಿಗೆಯಲ್ಲದ ವಾಹನಗಳ ವರ್ಗಕ್ಕೆ ಕೇಂದ್ರ ಸರಕಾರವು 2004ರಲ್ಲಿಯೇ ಸೇರಿಸಿದ್ದರೂ, ನಮ್ಮ ಅರ್ಜಿಯನ್ನು ಕೈಗೆತ್ತಿಕೊಂಡ ಗುಮಾಸ್ತರಿಗೆ ಅದು ಹೊಸ ಸಮಾಚಾರವಾಗಿದ್ದಿತು. “ಒಳಗೆ ಒಲೆಯಿಟ್ಟರೆ ಅದು ಹೋಟೆಲಾಗುವುದಿಲ್ಲವೆ?” ಎಂದು ಅವರು ಕೇಳಿದರು. ಮೂರು ತಿಂಗಳು ಅಲೆದ ಮೇಲೆ ಅದು ಹೋಟೆಲಲ್ಲವೆಂದು ತೀರ್ಮಾನವಾಯಿತು.

ಈ ಹುಚ್ಚು ನಮ್ಮೊಬ್ಬರದಲ್ಲ. ಇಂಗ್ಲೆಂಡಿನ ನೌಕಾಪಡೆಯಲ್ಲಿ ವೈದ್ಯನಾಗಿದ್ದು ನಿವೃತ್ತನಾದ ಗಾರ್ಡನ್ ಸ್ಟೇಬಲ್ಸ್ ಎಂಬಾತನು 1885ರಲ್ಲಿ ಬ್ರಿಸ್ಟಲ್ಲಿನ ಬಂಡಿ ಕಾರ್ಖಾನೆಯೊಂದರಲ್ಲಿ, ಎರಡು ಕುದುರೆಗಳು ಎಳೆಯತಕ್ಕ ಮನೆಬಂಡಿಯನ್ನು ಮಾಡಿಸಿ ದೇಶ ಸುತ್ತಿದನು. ವಿನೋದಕ್ಕಾಗಿ ಬಂಡಿಯಲ್ಲಿ ವಾಸಿಸುವ ಪದ್ಧತಿ ಆತನಿಂದ ಆರಂಭವಾಯಿತೆನ್ನುವರು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ಕನು 1960ರಲ್ಲಿ, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಇಂತಹುದೇ ವಾಹನಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನಿಟ್ಟು ತನ್ನ ದೇಶವನ್ನು ನೋಡಲು ಹೊರಟನು. ಆ ಮಹಾಶಯನು ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ನಾಯಿಯನ್ನು ಕರೆದುಕೊಂಡು ಹೋದನು. ನಡುವೆ ಕೆಲವು ದಿನ ಮಾತ್ರ ಆಕೆ ಬಂದು ಸೇರಿಕೊಂಡದ್ದು. ಈ ಒಂದು ವಿಷಯದಲ್ಲಿ ನಾವು ಆತನನ್ನು ಅನುಸರಿಸಲಿಲ್ಲ. ಅನುಸರಿಸುವುದು ಸಾಧ್ಯವೂ ಇರಲಿಲ್ಲ. ಏಕೆಂದರೆ ಹೊರಡೋಣವೆಂಬ ಮಾತನ್ನು ಮೊದಲು ಆಡಿದವಳು ಮನೆಯಾಕೆಯೇ.

ನಾವು ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹಂಪೆ ಬಾದಾಮಿಗಳನ್ನು ಹಲವು ಬಾರಿ ನೋಡಿ ಬಂದವರು. ಆಕೆ ಹಾಸನದ ಸೀಮೆಯನ್ನು ದಾಟಿದ್ದು ಮದುವೆ, ಬಾಣಂತನ, ತಿಥಿಗಳಿಗೆ ಮಾತ್ರ. “ಮೂವತ್ತನಾಲ್ಕು ವರ್ಷ ಬಾಗಿಲು ಕಾದದ್ದಾಯಿತು. ಯಾರು ಬಂದಾರೋ ಎಂದು ಒಂದು ಹಿಡಿ ಅಕ್ಕಿ ಹೆಚ್ಚಾಗಿ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ನಾನೂ ಒಂದು ಸಲ ಬೇರೆಯವರ ಊರಿಗೆ ಅತಿಥಿಯಾಗಿ ಹೋಗಬಾರದೆ?” ಎಂದು ಆಕೆ ಕೇಳಿದಳು. ನಮ್ಮ ಸೂತ್ರ ಭಾಷ್ಯಗಳಲ್ಲಿ ಅತಿಥಿಯನ್ನು ಸತ್ಕರಿಸುವ ವಿಧಿ ಬೇಕಾದಷ್ಟಿದೆ. ಸತ್ಕರಿಸುವವಳಿಗೆ ಅತಿಥಿಯಾಗುವ ಸರದಿ ಯಾವಾಗ ಬರುವುದೆಂಬುದನ್ನು ನಾವು ಎಲ್ಲಿಯೂ ಓದಿದ ನೆನಪಿಲ್ಲ.

ಆ ಸರದಿ ಆಕೆಗೆ ಬಂದದ್ದು ಲಕ್ಕುಂಡಿಯಲ್ಲಿ. ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ನೋಡಿ ಬಂದು, ಊರ ಹೊರಗಿನ ಒಂದು ಶಾಲೆಯ ಬಯಲಿನಲ್ಲಿ ಬಂಡಿಯನ್ನು ನಿಲ್ಲಿಸಿದ್ದೆವು. ನಮ್ಮ ದೇಶದಲ್ಲಿ ಇಂತಹ ವಾಹನಗಳಿಗೆಂದು ಏರ್ಪಟ್ಟ ತಂಗುದಾಣಗಳು ವಿರಳ. ನಾವು ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ನಾವೂ ಅದೇ ಕಸುಬಿನವರೆಂದು ಹೇಳಿ ಅಪ್ಪಣೆ ಕೇಳುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಕೆಲವು ಕಡೆ ಬದಲಿಗೆ ಒಂದು ಗಂಟೆ ಪಾಠವನ್ನೂ ಮಾಡಿದ್ದೇವೆ. ಆ ಸಂಜೆ ನಾಲ್ಕೈದು ಜನ ಹೆಂಗಸರು ಬಂಡಿಯನ್ನು ನೋಡಲು ಬಂದರು. ಅವರಲ್ಲಿ ಹಿರಿಯಳೊಬ್ಬಳು ಒಳಗೆಲ್ಲ ಕಣ್ಣಾಡಿಸಿ, “ಮನಿ ಬಿಟ್ಟು ಯಾಕ ಬಂದ್ರಿ, ಅಕ್ಕಾರ?” ಎಂದು ಕನಿಕರದಿಂದ ಕೇಳಿದಳು. ಮನೆಯಾಕೆ ಸೆರಗಿನ ತುದಿಯ ಗಂಟನ್ನು ತೋರಿಸಿ, “ಬಿಟ್ಟಿಲ್ಲಮ್ಮ, ಬೀಗದಕೈ ಇಲ್ಲಿದೆ” ಎಂದಳು. ಆ ಹಿರಿಯಳ ಮುಖ ಕೂಡಲೆ ಅರಳಿತು. ಮರುದಿನದ ಊಟ ಅವರ ಮನೆಯಲ್ಲಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮನೆಯಾಕೆ ಎದ್ದು ಬಡಿಸಲು ಹೋದಾಗ ಅವರು ಕೈಹಿಡಿದು ಕೂರಿಸಿದರು. ಎರಡನೆಯ ರೊಟ್ಟಿಯನ್ನು ಬೇಡವೆನ್ನಲು ಆಕೆಗೆ ಬಾರದೆ ಹೋಯಿತು. ಬೇಡವೆನ್ನುವವರಿಗೆ ಒತ್ತಾಯ ಮಾಡಿ ಮಾತ್ರ ಆಕೆಗೆ ಅಭ್ಯಾಸ.

ಆ ಬೀಗದಕೈಯ ಕಥೆ ಇಷ್ಟು. ವ್ಯಾನಿನ ಮಾತು ಮೊದಲಾದಾಗ ಮಗನು ಒಂದು ಲೆಕ್ಕವನ್ನು ಹಾಕಿಕೊಟ್ಟಿದ್ದನು. ಊರಿನ ಮನೆಯನ್ನು ಮಾರುವುದು, ಬಂದ ಹಣದಲ್ಲಿ ಸಕಲ ಸೌಕರ್ಯಗಳೂ ಇರುವ ಹೊಸ ವಾಹನವನ್ನು ಕೊಳ್ಳುವುದು, ಉಳಿದುದನ್ನು ಬ್ಯಾಂಕಿನಲ್ಲಿಡುವುದು, ಕಾಲು ಸೋತ ಮೇಲೆ ಬೆಂಗಳೂರಿಗೆ ಬಂದು ಅವನೊಡನೆ ಇರುವುದು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಪ್ರೀತಿಯೂ ಇದ್ದಿತು. ಮನೆಯಾಕೆ ಎಲ್ಲವನ್ನೂ ಕೇಳಿ, “ಹೊರಡುವುದಕ್ಕೆ ಒಂದು ಹೊಸ್ತಿಲು ಬೇಡವೇನಪ್ಪ?” ಎಂದಳು. ಮಾತು ಅಲ್ಲಿಗೆ ನಿಂತಿತು. ಆದುದರಿಂದಲೇ ನಮ್ಮದು ಹಳೆಯ ವ್ಯಾನು.

ಆಕೆಯ ಮಾತಿನ ತೂಕವು ನಮಗೆ ಮತ್ತಷ್ಟು ತಿಳಿದದ್ದು ಒಂದು ಪುಸ್ತಕದಿಂದ. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ಪ್ರಕಟಿಸಿದ ‘ನೋಮ್ಯಾಡ್‌ಲ್ಯಾಂಡ್’ ಎಂಬ ಗ್ರಂಥವಿದೆ. ಅದನ್ನಾಧರಿಸಿದ ಚಲಚ್ಚಿತ್ರಕ್ಕೆ 2021ರಲ್ಲಿ ಆಸ್ಕರ್ ಪಾರಿತೋಷಕವೂ ದೊರೆಯಿತು. 2008ರ ಆರ್ಥಿಕ ಕುಸಿತದ ತರುವಾಯ ಮನೆಯನ್ನೋ ಉಳಿತಾಯವನ್ನೋ ಕಳೆದುಕೊಂಡ, ಅರುವತ್ತು ಎಪ್ಪತ್ತು ವಯಸ್ಸಿನ ಅಮೆರಿಕದ ಸ್ತ್ರೀಪುರುಷರು ವ್ಯಾನುಗಳಲ್ಲಿ ಬದುಕುತ್ತ, ಋತುವಿಗೊಂದು ಕೂಲಿಯನ್ನು ಹುಡುಕಿಕೊಂಡು ತಿರುಗಿದ ವೃತ್ತಾಂತ ಅದು. ಹಬ್ಬದ ಕಾಲದಲ್ಲಿ ದೊಡ್ಡ ಉಗ್ರಾಣಗಳಲ್ಲಿ ಸಾಮಾನು ಎತ್ತುವುದು, ಸುಗ್ಗಿಯಲ್ಲಿ ಸಕ್ಕರೆ ಬೀಟ್‌ರೂಟಿನ ರಾಶಿಯ ಬಳಿ ದುಡಿಯುವುದು, ಬೇಸಗೆಯಲ್ಲಿ ಪ್ರವಾಸಿಗಳ ಶಿಬಿರದ ಶೌಚಾಲಯ ತೊಳೆಯುವುದು. ಚಳಿಗಾಲದಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಊರಿನ ಸುತ್ತ ಇಂತಹ ಬಂಡಿಗಳ ಸಂತೆಯೇ ನೆರೆಯುವುದು. ಅವರ ಧೈರ್ಯವೂ ಪರಸ್ಪರ ಸ್ನೇಹವೂ ದೊಡ್ಡವು. ಅವರೂ ಮಂಚದ ಕೆಳಗೆ ಪಾತ್ರೆಗಳನ್ನು ಜೋಡಿಸಿಕೊಂಡವರೇ, ನಾವೂ ಜೋಡಿಸಿಕೊಂಡವರೇ. ಮಳೆ ಬಂದರೆ ನಾವು ಮನೆಗೆ ಹೋಗುತ್ತೇವೆ. ಈ ಜೀವನವನ್ನು ಹೊಗಳಿ ಬರೆಯುವವರು ಇವೆರಡನ್ನೂ ಸ್ವಾತಂತ್ರ್ಯವೆಂಬ ಒಂದೇ ಹೆಸರಿನಿಂದ ಕರೆಯುವುದು ನಮಗೆ ಸರಿಕಾಣುವುದಿಲ್ಲ.

ಮನೆಯಿದ್ದ ಮಾತ್ರಕ್ಕೆ ಭಯ ತಪ್ಪಿತೆಂದಲ್ಲ. ಮೊದಲನೆಯ ವರ್ಷದ ಪುಷ್ಯಮಾಸದಲ್ಲಿ ಪಟ್ಟದಕಲ್ಲಿನ ಬಳಿ ಮಲಪ್ರಭೆಯ ದಡದಲ್ಲಿ ತಂಗಿದ್ದಾಗ, ನಡುರಾತ್ರಿಯಲ್ಲಿ ಮನೆಯಾಕೆಗೆ ಉಬ್ಬಸ ಕೆರಳಿತು. ಔಷಧವನ್ನು ಒಳಗೆಳೆದುಕೊಂಡರೂ ಉಸಿರು ಹತೋಟಿಗೆ ಬರಲಿಲ್ಲ. ಬಾದಾಮಿಗೆ 22 ಕಿಲೋಮೀಟರ್. ಶಾಲೀನನಾಗಿದ್ದರೆ ಗೋಡೆಯಾಚೆಯ ನೆರೆಯವರನ್ನು ಕೂಗಬಹುದಾಗಿದ್ದಿತು. ಆ ಕತ್ತಲೆಯ ರಸ್ತೆಯಲ್ಲಿ, ಹಿಂದಿನಿಂದ ಬರುವ ಆಕೆಯ ಉಸಿರಿನ ಸದ್ದನ್ನು ಕೇಳುತ್ತ ಬಂಡಿಯನ್ನು ನಡೆಸಿದೆವು. ಸದ್ದು ಕೇಳಿಸಿದರೆ ಭಯ, ಕೇಳಿಸದಿದ್ದರೆ ಇನ್ನೂ ಹೆಚ್ಚಿನ ಭಯ. ಬಾದಾಮಿಯ ವೈದ್ಯರು ನಿದ್ದೆಗಣ್ಣಿನಲ್ಲಿ ಎದ್ದು ಬಂದು ಉಪಚರಿಸಿದರು. ಬೆಳಗಿನ ವೇಳೆಗೆ ಆಕೆ ಎದ್ದು ಕುಳಿತಳು. ಇನ್ನು ಊರಿಗೆ ಹಿಂದಿರುಗೋಣವೆಂದು ನಾವು ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಐಹೊಳೆ ಉಳಿದುಬಿಟ್ಟಿತಲ್ಲ” ಎಂದಳು. ಎರಡು ದಿನ ವಿಶ್ರಮಿಸಿಕೊಂಡು ಐಹೊಳೆಯನ್ನು ನೋಡಿಯೇ ಹಿಂದಿರುಗಿದ್ದಾಯಿತು. ಅಂದಿನಿಂದ, ಆಸ್ಪತ್ರೆಯಿಂದ ಅರ್ಧ ಗಂಟೆಗಿಂತ ಹೆಚ್ಚು ದೂರವಿರುವ ಯಾವ ರಮ್ಯಸ್ಥಳದಲ್ಲಿಯೂ ರಾತ್ರಿ ತಂಗುವುದಿಲ್ಲ. ಹೊಳೆಯ ದಡಗಳು ಇದರಿಂದ ನಮಗೆ ಬಹಳ ಮಟ್ಟಿಗೆ ತಪ್ಪಿಹೋದುವು. ಹೋಗಲಿ.

ಇದಕ್ಕೆ ಕಾಲದ ಮೇರೆಯೂ ಇದೆ. ಐವತ್ತೈದು ದಾಟಿದವರ ಚಾಲನಾ ಪರವಾನಗಿ ಐದು ವರ್ಷಕ್ಕೆ ಮಾತ್ರ ಊರ್ಜಿತ. ಪ್ರತಿ ಸಲವೂ ವೈದ್ಯರ ಪ್ರಮಾಣಪತ್ರ ಬೇಕು. ನಮ್ಮ ಕಣ್ಣಿನ ವೈದ್ಯರು ಕಳೆದ ಬಾರಿ ಅಕ್ಷರಗಳ ಕೊನೆಯ ಸಾಲನ್ನು ಎರಡು ಸಲ ಓದಿಸಿದರು. ಅದನ್ನು ಮನೆಯಾಕೆಗೆ ಹೇಳಿದೆವು. ಹಾಗಾದರೆ ದೂರದ ಊರುಗಳನ್ನು ಮೊದಲು ಮುಗಿಸೋಣವೆಂದು ಆಕೆ ಗೋಡೆಯ ಮೇಲಿನ ನಕಾಶೆಯಲ್ಲಿ ಬೀದರಿಗೆ ಕುಂಕುಮದ ಬೊಟ್ಟಿಟ್ಟಳು.

ಸಂನ್ಯಾಸಿಗಳಂತೆ ನಮಗೂ ಚಾತುರ್ಮಾಸ್ಯವುಂಟು. ಆಷಾಢದಿಂದ ನವರಾತ್ರಿಯವರೆಗೆ ಊರಿನ ಮನೆಯಲ್ಲಿರುತ್ತೇವೆ. ಮನೆಯ ಮುಂಭಾಗವನ್ನು ಈಗ ಕಿರಿಯ ವಯಸ್ಸಿನ ಉಪಾಧ್ಯಾಯ ದಂಪತಿಗಳಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಹಿಂದಿನ ಎರಡು ಕೋಣೆಗಳೂ ಒಲೆಯೂ ನಮ್ಮವು. ನಾವಿಲ್ಲದಾಗ ತುಲಸಿಗೆ ಅವರೇ ನೀರೆರೆಯುವರು. ಆ ಬಾಡಿಗೆಯಿಂದ ಡೀಸಲಿನ ಬಹುಭಾಗ ಸಾಗುತ್ತದೆ.

ಈ ಮಳೆಗಾಲದಲ್ಲಿ ಬಂಡಿಯ ಛಾವಣಿ ಒಂದು ಮೂಲೆಯಲ್ಲಿ ಸೋರಿತು. ಫಲಕದ ಬೋಲ್ಟಿನ ಸುತ್ತಣ ಅಂಟು ಬಿಟ್ಟಿದ್ದಿತು, ಬಡಗಿಯು ಬಂದು ಸರಿಮಾಡಿದ್ದಾನೆ. ಕಿಟಕಿ ತೆರೆದಿದ್ದ ಒಂದು ದಿನ ಬಾಡಿಗೆಯವರ ಬೆಕ್ಕು ಒಳಹೊಕ್ಕು, ನಮ್ಮ ಮಂಚದ ಮೇಲೆ ಮೂರು ಮರಿಗಳನ್ನು ಹಾಕಿದೆ. ಅವನ್ನು ಈಗ ಕದಲಿಸಕೂಡದೆಂದು ಮನೆಯಾಕೆಯ ಆಜ್ಞೆ. ದಿನವೂ ಬಂಡಿಯ ಮೆಟ್ಟಿಲಿನವರೆಗೆ ಒಂದು ಬಟ್ಟಲು ಹಾಲು ಹೋಗುತ್ತಿದೆ. ವಿಜಯದಶಮಿಯ ದಿನ ಬೀದರಿನ ಕಡೆಗೆ ಹೊರಡುವುದೆಂದು ನಾವು ನಿಶ್ಚಯಿಸಿದ್ದೇವೆ. ಬೆಕ್ಕಿನ ಅಭಿಪ್ರಾಯ ಇನ್ನೂ ತಿಳಿದುಬಂದಿಲ್ಲ.