ಮಲಯಾಟ್ಟೂರಿನ ಬೆಟ್ಟದಲ್ಲಿ ಐವತ್ತು ದಿನಗಳ ನೋಂಪಿ

ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ, ಪೆರಿಯಾರ್ ನದಿಯ ದಡದಲ್ಲಿ, ಮಲಯಾಟ್ಟೂರು ಎಂಬ ಊರಿದೆ. ಮಲೆ, ಆರು, ಊರು ಎಂಬ ಮೂರು ಪದಗಳು ಕೂಡಿ ಈ ಹೆಸರಾಯಿತೆಂದು ಅಲ್ಲಿನ ಜನ ಹೇಳುತ್ತಾರೆ. ಆರು ಎಂದರೆ ಹೊಳೆ. ಶಂಕರಾಚಾರ್ಯರ ಜನ್ಮಸ್ಥಳವಾದ ಕಾಲಡಿ ಇಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಅದೇ ನದಿಯ ದಡದ ಮೇಲಿದೆ. ಊರಿನ ಹಿಂದೆ ಕಾಡು ಹೊದ್ದ ಬೆಟ್ಟವೊಂದು ಎದ್ದು ನಿಂತಿದೆ. ಅದರ ಹೆಸರು ಕುರಿಶುಮುಡಿ, ಅಂದರೆ ಶಿಲುಬೆಯ ಶಿಖರ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ಈ ಬೆಟ್ಟವನ್ನು ಕ್ರೈಸ್ತರು ತಮ್ಮ ತಪಸ್ಸುಕಾಲದಲ್ಲಿ ಹಗಲಿರುಳೆನ್ನದೆ ಏರುತ್ತಾರೆ. ನಾವು ಕೆಲವರು ಈ ಕ್ಷೇತ್ರವನ್ನು ಕಾಣಲು ಹೋದದ್ದು ಅದೇ ಕಾಲದಲ್ಲಿ, ಮಾರ್ಚ್ ತಿಂಗಳ ಕಡುಬಿಸಿಲಿನಲ್ಲಿ.

ಏಸುಕ್ರಿಸ್ತರು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ಸ್ಮರಣೆಯೇ ತಪಸ್ಸುಕಾಲ. ಪಾಶ್ಚಾತ್ಯ ಪದ್ಧತಿಯವರಿಗೆ ಇದು ಬೂದಿ ಬುಧವಾರದಂದು ಆರಂಭವಾಗುತ್ತದೆ. ಅಲ್ಲಿಂದ ಈಸ್ಟರ್ ಹಬ್ಬದವರೆಗಿನ 46 ದಿನಗಳಲ್ಲಿ ಆರು ಭಾನುವಾರಗಳನ್ನು ಬಿಟ್ಟರೆ ನಲವತ್ತು ಉಳಿಯುತ್ತದೆ. ಕೇರಳದ ಸೀರೋ ಮಲಬಾರ್ ಸಭೆಯವರು ಎರಡು ದಿನ ಮೊದಲೇ, ಸೋಮವಾರದಂದು, ಹಣೆಗೆ ಬೂದಿ ಧರಿಸುತ್ತಾರೆ. ಆ ದಿನವನ್ನು ಅವರು ಕರೆಯುವುದು 'ವಿಭೂತಿ ತಿಂಗಳ್' ಎಂದು; ಮಲೆಯಾಳದಲ್ಲಿ ತಿಂಗಳ್ ಎಂದರೆ ಸೋಮವಾರ. ವಿಭೂತಿ ಎಂಬ ಶಬ್ದವನ್ನು ಚರ್ಚಿನ ಅಂಗಳದಲ್ಲಿ ಕೇಳಿದಾಗ ನಮಗೆ ಉಂಟಾದ ಸಂತೋಷವನ್ನು ವಾಚಕರು ಊಹಿಸಬಲ್ಲರು. ಈ ವ್ರತಕ್ಕೆ ಅವರಿಟ್ಟ ಹೆಸರು 'ಅಂಬತ್ ನೋಂಬ್'. ನಮ್ಮ ಹಳಗನ್ನಡದ ನೋಂಪಿಯೇ ಈ ನೋಂಬ್. ವಿಭೂತಿ ಸೋಮವಾರದ ಹಿಂದಿನ ಭಾನುವಾರದಿಂದ ಈಸ್ಟರ್ ಭಾನುವಾರದವರೆಗೆ ಎರಡನ್ನೂ ಸೇರಿಸಿ ಎಣಿಸಿದರೆ ಐವತ್ತು ದಿನಗಳಾಗುತ್ತವೆ.

ಈ ಐವತ್ತು ದಿನ ವ್ರತನಿಷ್ಠರ ಮನೆಗಳಲ್ಲಿ ಮಾಂಸ, ಮೀನು, ಮೊಟ್ಟೆಗಳಿಲ್ಲ. ಕುಡಿಯುವವರು ಮದ್ಯವನ್ನು ಬಿಡುತ್ತಾರೆ. ಮದುವೆಯ ಸಂಭ್ರಮಗಳನ್ನು ಮುಂದಕ್ಕೆ ಹಾಕುತ್ತಾರೆ. ಮೀನಿಲ್ಲದೆ ಊಟವೇ ಸೇರದೆಂಬ ಆ ನಾಡಿನಲ್ಲಿ ಇದು ಸಣ್ಣ ಸಂಯಮವಲ್ಲ.

ಬೆಟ್ಟದ ಬುಡದಲ್ಲಿ ಕೆರೆಯೊಂದಿದೆ. ಅಲ್ಲಿಂದ ಮುಂದೆ ಕಲ್ಲುಬಂಡೆಗಳ ಏರುದಾರಿ. ಏಸುವಿನ ಅಂತಿಮ ಯಾತ್ರೆಯನ್ನು ನೆನೆಯಿಸುವ ಹದಿನಾಲ್ಕು ನಿಲ್ದಾಣಗಳು ಹಾದಿಯುದ್ದಕ್ಕೂ ಇವೆ. ಪ್ರತಿಯೊಂದರಲ್ಲಿಯೂ ಜನ ನಿಂತು ಪ್ರಾರ್ಥಿಸಿ ಮುಂದೆ ಸಾಗುತ್ತಾರೆ. ಬಿಸಿಲಿಗೆ ಅಂಜಿ ಬಹಳ ಮಂದಿ ರಾತ್ರಿಯೇ ಹತ್ತುತ್ತಾರೆ. ದೂರದ ಊರುಗಳಿಂದ ಕಾಲ್ನಡಿಗೆಯಲ್ಲಿ ಬಂದವರೂ, ಮರದ ಭಾರವಾದ ಶಿಲುಬೆಯನ್ನು ನಾಲ್ಕಾರು ಮಂದಿ ಸೇರಿ ಹೆಗಲ ಮೇಲೆ ಹೊತ್ತವರೂ ನಮ್ಮ ಪಕ್ಕದಲ್ಲಿಯೇ ಏರುತ್ತಿದ್ದರು. ಒಬ್ಬನ ಭುಜ ಸೋತರೆ ಮತ್ತೊಬ್ಬನು ಮಾತಿಲ್ಲದೆ ಹೆಗಲು ಕೊಡುತ್ತಿದ್ದನು.

ಏಸುವಿನ ಶಿಷ್ಯರಾದ ಸಂತ ತೋಮಸರು ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದರೆಂದೂ, ಈ ಬೆಟ್ಟದ ಮೇಲೆ ಪ್ರಾರ್ಥನೆಯಲ್ಲಿ ಕಾಲ ಕಳೆದರೆಂದೂ, ಅಲ್ಲಿ ಬಂಡೆಯ ಮೇಲೆ ಹೊನ್ನಿನ ಶಿಲುಬೆಯೊಂದು ಕಾಣಿಸಿಕೊಂಡಿತೆಂದೂ ಭಕ್ತರ ನಂಬಿಕೆ. ಅವರ ಪಾದದ ಗುರುತೆಂದು ಬಂಡೆಯ ಮೇಲಿನ ಒಂದು ಗುರುತನ್ನು ಪೂಜ್ಯಭಾವದಿಂದ ತೋರಿಸುತ್ತಾರೆ. ಕಾಡಾನೆಗಳು ದಂತದಿಂದ ತಿವಿದ ಹಳೆಯ ಗುಡಿಯೆಂದು ಹೆಸರಾದ ಪುಟ್ಟ ಪ್ರಾರ್ಥನಾಲಯವೂ ಮೇಲಿದೆ. ಈಸ್ಟರ್ ಕಳೆದ ಮೊದಲನೆಯ ಭಾನುವಾರ ಇಲ್ಲಿಯ ದೊಡ್ಡ ಹಬ್ಬ.

ಇಳಿಯುತ್ತಿದ್ದ ವೃದ್ಧೆಯೊಬ್ಬರು ಬಂಡೆಗೆ ಒರಗಿ ಕುಳಿತಿದ್ದರು. ನಮ್ಮಲ್ಲಿ ಮಲೆಯಾಳ ಬಲ್ಲವರೊಬ್ಬರು, "ಅಮ್ಮಚ್ಚೀ, ಈ ವಯಸ್ಸಿನಲ್ಲಿ ಮೀನು ಬಿಟ್ಟು, ಬೆಟ್ಟ ಹತ್ತಿ, ಆಯಾಸವಾಗುವುದಿಲ್ಲವೇ?" ಎಂದು ಕೇಳಿದರು. ಆ ತಾಯಿ ನಕ್ಕು, "ಮೀನು ಬಿಡುವುದು ಮೂರು ದಿನದ ಕಷ್ಟ, ಆಮೇಲೆ ಅಭ್ಯಾಸ. ಪಕ್ಕದ ಮನೆಯವಳೊಡನೆ ಮಾತು ಬಿಟ್ಟು ಎರಡು ವರ್ಷವಾಯಿತು. ಈ ನೋಂಬ್ ಮುಗಿಯುವುದರೊಳಗೆ ಅವಳ ಬಾಗಿಲಿಗೆ ಹೋಗಬೇಕು. ಅದಕ್ಕೇ ಕಾಲು ಬರುತ್ತಿಲ್ಲ" ಎಂದರು.

ಈ ಮಾತಿನ ತೂಕ ಈ ಬೆಟ್ಟಕ್ಕೆ ಚೆನ್ನಾಗಿ ಗೊತ್ತು. 2018ರ ಮಾರ್ಚ್ 1ರಂದು, ತಪಸ್ಸುಕಾಲದ ನಡುವೆಯೇ, ಈ ಕ್ಷೇತ್ರದ ಮುಖ್ಯ ಗುರುಗಳಾಗಿದ್ದ ಫಾದರ್ ಸೇವಿಯರ್ ತೇಲಕ್ಕಾಟ್ ಅವರು ಇದೇ ಹಾದಿಯಲ್ಲಿ ಹತ್ಯೆಗೀಡಾದರು. ಇರಿದವನು ಅಲ್ಲಿಯೇ ಸೇವೆಯಲ್ಲಿದ್ದು, ಆಗ ಕೆಲಸದಿಂದ ದೂರವಿಡಲ್ಪಟ್ಟಿದ್ದ ಪರಿಚಾರಕ. ಗುರುಗಳ ವೃದ್ಧ ತಾಯಿ ಮಗನ ಅಂತ್ಯಕ್ರಿಯೆಯಾದ ಕೆಲವೇ ದಿನಗಳಲ್ಲಿ ಆ ಮನುಷ್ಯನ ಮನೆಯವರನ್ನು ಕಂಡು, ಅವನ ಹೆಂಡತಿಯನ್ನು ಅಪ್ಪಿಕೊಂಡು, ಅವನನ್ನು ಕ್ಷಮಿಸಿರುವುದಾಗಿ ಹೇಳಿದರೆಂದು ಪತ್ರಿಕೆಗಳು ವರದಿ ಮಾಡಿದವು. ಕಾನೂನು ತನ್ನ ದಾರಿಯನ್ನು ತಾನು ಹಿಡಿಯಿತು. ಆದರೆ ಹೆತ್ತ ಕರುಳು ಆ ಮನೆಯ ಹೊಸ್ತಿಲು ದಾಟಲು ಎಷ್ಟು ವರ್ಷಗಳ ಸಾಧನೆ ಬೇಕಾಗಿರಬಹುದು! ಅಂಥ ಬಲ ಒಂದೇ ದಿನದಲ್ಲಿ ಒದಗುವುದಿಲ್ಲ. ವರ್ಷವರ್ಷವೂ ನಾಲಗೆಯ ಚಪಲವನ್ನು, ಮನದ ಮುನಿಸನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಬಂದವರಿಗೆ ಅದು ಕಷ್ಟಕಾಲದಲ್ಲಿ ಕೈಹಿಡಿಯುತ್ತದೆ ಎಂದು ನಮಗೆ ತೋರಿತು.

ವ್ರತದ ಕೊನೆಯ ದಿನಗಳು ಮನೆಯೊಳಗೂ ನಡೆಯುತ್ತವೆ. ಈಸ್ಟರಿಗೆ ಮುಂಚಿನ ಗುರುವಾರ ರಾತ್ರಿ ಅಕ್ಕಿಹಿಟ್ಟಿಗೆ ಉದ್ದು ಸೇರಿಸಿ, ಹುಳಿ ಬರಿಸದೆ, 'ಪೆಸಹಾ ಅಪ್ಪ'ವನ್ನು ಬೇಯಿಸುತ್ತಾರೆ. ಗರಿಯ ಹಬ್ಬದಂದು ಚರ್ಚಿನಿಂದ ತಂದ ತೆಂಗಿನ ಗರಿಯ ಶಿಲುಬೆಯನ್ನು ಅದರ ಮೇಲಿಡುತ್ತಾರೆ. ಪ್ರಾರ್ಥನೆಯ ನಂತರ ಮನೆಯ ಹಿರಿಯರು ಅದನ್ನು ಮುರಿದು, ತೆಂಗಿನಹಾಲು ಬೆಲ್ಲದ ಪಾನಕದೊಡನೆ ವಯಸ್ಸಿನ ಕ್ರಮದಲ್ಲಿ ಎಲ್ಲರಿಗೂ ಕೊಡುತ್ತಾರೆ. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪವನ್ನು ಮಾಡುವಂತಿಲ್ಲ. ನೆರೆಹೊರೆಯವರು, ನೆಂಟರು ತಮ್ಮ ಪಾಲಿನಿಂದ ಅಲ್ಲಿಗೆ ಒಯ್ಯುತ್ತಾರೆ. ಮರುದಿನ ಶುಭ ಶುಕ್ರವಾರ ಚರ್ಚಿನಲ್ಲಿ ಕಹಿನೀರನ್ನು ಗುಟುಕರಿಸುತ್ತಾರೆ. ಸಿಹಿ, ಕಹಿ ಎರಡನ್ನೂ ಮಕ್ಕಳು ಚಿಕ್ಕಂದಿನಿಂದಲೇ ರುಚಿ ನೋಡಿರುತ್ತಾರೆ.

ಹೋಗಬಯಸುವವರು ರೈಲಿನಲ್ಲಿ ಅಂಗಮಾಲಿಯಲ್ಲಿ ಇಳಿದು ಕಾಲಡಿಯ ಮಾರ್ಗವಾಗಿ ಬಸ್ಸಿನಲ್ಲಿ ಮಲಯಾಟ್ಟೂರು ತಲುಪಬಹುದು. ಬೆಳಗಿನ ಜಾವಕ್ಕೇ ಏರಲು ತೊಡಗುವುದು ಒಳಿತು, ಜೊತೆಗೆ ನೀರಿರಲಿ. ವಯಸ್ಸಾದವರು ಊರುಗೋಲು ಹಿಡಿದು, ನಿಲ್ದಾಣದಿಂದ ನಿಲ್ದಾಣಕ್ಕೆ ಕುಳಿತು ನಡೆದರೆ ಶಿಖರ ಮುಟ್ಟಬಹುದು. ಅಲ್ಲಿ ಯಾರಿಗೂ ಅವಸರವಿರುವುದಿಲ್ಲ. ಮುಂದೆ ಹೋದವರು ಹಿಂದೆ ಉಳಿದವರಿಗಾಗಿ ನಿಂತು ಕಾಯುತ್ತಾರೆ.