ಹಗೇವಿನ ಉಸಿರು

1953ರ ವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ಕರ್ನೂಲಿಗೆ ಸೇರಿರುವ ನಮ್ಮ ಆದವಾನಿ ಸೀಮೆಯಲ್ಲಿ, ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ಪದ್ಧತಿ ಹಿಂದೆ ಇದ್ದಿತು. ಹಗೇವನ್ನು ತೆರೆದೊಡನೆ ಹಿರಿಯರು ಯಾರನ್ನೂ ಇಳಿಯಗೊಡುತ್ತಿರಲಿಲ್ಲ; ಮೊದಲು ದೀಪವನ್ನು ಇಳಿಬಿಡುತ್ತಿದ್ದರು. ದೀಪವನ್ನು ನಂದಿಸುವುದು ಭೂತವೆಂದು ನಮ್ಮ ತರಗತಿಯ ಬಾಲಕನೊಬ್ಬನ ವಾದ. ಎಲೆಯ ಪಾಠವನ್ನು ನಾವು ಆ ಭೂತದಿಂದಲೇ ಆರಂಭಿಸಿದೆವು.

ಜೋಳದ ಎಲೆಯ ಕೋಶಗಳಲ್ಲಿರುವ ಪತ್ರಹರಿತ್ತು ಬಿಸಿಲನ್ನು ಹಿಡಿಯುವುದು. (ತೆಲುಗು ಶಾಲೆಯವರು ಪತ್ರಹರಿತವೆನ್ನುವರು, ಎಲೆಗೆ ಎರಡೂ ಒಂದೇ.) ಆ ಶಕ್ತಿಯಿಂದ, ಗಾಳಿಯಲ್ಲಿ ಶೇಕಡ 0.04ರಷ್ಟೇ ಇರುವ ಇಂಗಾಲದ ಡೈಆಕ್ಸೈಡೂ ಬೇರು ತಂದ ನೀರೂ ಸಕ್ಕರೆಯಾಗಿ, ಆಮ್ಲಜನಕವು ಹೊರಬೀಳುವುದು. ಸಕ್ಕರೆ ತೆನೆಯಲ್ಲಿ ಪಿಷ್ಟವಾಗಿ ನಿಲ್ಲುವುದು.

ಕೊಯ್ದ ಕಾಳು ಸತ್ತುದಲ್ಲ. ಅದರ ಕೋಶದೊಳಗಿನ ಮೈಟೋಕಾಂಡ್ರಿಯಗಳು ಆಮ್ಲಜನಕದ ನೆರವಿನಿಂದ ಆ ಶಕ್ತಿಯನ್ನು ತುಸುತುಸುವಾಗಿ ಬಿಡಿಸಿ ಬದುಕಿಗೆ ಒದಗಿಸುವುವು. ಒಂದು ಪಾಲು ಶಾಖವಾಗಿ ಹೋಗುವುದು. ಒದ್ದೆ ಕಾಳಿನ ರಾಶಿಯೊಳಗೆ ಕೈಯಿಟ್ಟವರು ಆ ಬಿಸಿಯನ್ನು ಬಲ್ಲರು. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು, ಬೂಷ್ಟು ಎಲ್ಲವೂ ಉಸಿರಾಡಿ ಆಮ್ಲಜನಕವನ್ನು ತೀರಿಸುವುವು. ಇಂಗಾಲದ ಡೈಆಕ್ಸೈಡು ತುಂಬುವುದು. ಹುಳುಗಳು ಉಸಿರುಕಟ್ಟಿ ಸಾಯುವುದರಿಂದಲೇ ಜೋಳವು ಬಹುಕಾಲ ಕೆಡದೆ ಉಳಿಯುತ್ತಿದ್ದಿತು. ಅವಸರದಿಂದ ಇಳಿದ ಮನುಷ್ಯನಿಗೂ ಅದೇ ಗತಿ.

“ದೀಪ ಉರಿದರೆ ಇಳಿಯಬಹುದೇ?” ಎಂದು ಬಾಲಕಿಯೊಬ್ಬಳು ಕೇಳಿದಳು. ಅಷ್ಟು ಸಾಲದು, ಕಾಳನ್ನು ಕೆದಕಿದರೆ ಸಂದಿಯಲ್ಲಿದ್ದ ಕೆಟ್ಟ ಗಾಳಿ ಮೇಲೇಳುವುದು. ಬಹುಹೊತ್ತು ಗಾಳಿಯಾಡಲು ಬಿಡಬೇಕು. ಕುಸಿದವನನ್ನು ಎತ್ತಲೆಂದು ಮತ್ತೊಬ್ಬನು ಹಿಂದೆಯೇ ಇಳಿಯಕೂಡದು ಎಂದೆವು. ಇದನ್ನು ಎರಡು ಸಲ ಹೇಳಿಸಿಕೊಂಡಳು. ಅವರ ಹಿತ್ತಲಿನಲ್ಲಿ ಹಳೆಯ ಹಗೇವೊಂದು ಈಗಲೂ ಇದೆಯಂತೆ.